ಫಹ್ಮಿದಾ ಬರೆದ ಒಂದು ಸಾಲು

ಪುಲಿಕೇಶಿನಗರದ ಮಸೀದಿ ರಸ್ತೆಯ ಹಿಂದಿನ ಗಲ್ಲಿಯಲ್ಲಿ ಫಹ್ಮಿದಾ ಹೊಲಿಗೆಗೆ ಕೂತು ಇಪ್ಪತ್ತೆರಡು ವರ್ಷವಾಯಿತು. ಮೆಷಿನ್ನಿನ ಪಕ್ಕ ಒಂದು ತಗಡಿನ ಟ್ರಂಕಿದೆ, ಅದರ ತುಂಬ ಅಳತೆ ಬ್ಲೌಸುಗಳು. ಖಾಯಂ ಗಿರಾಕಿಗಳು ಪ್ರತಿಸಲ ಟೇಪು ಹಿಡಿಸಿಕೊಳ್ಳಲು ಬರುವುದಿಲ್ಲ. ಮೈಗೆ ಸರಿಯಾಗಿ ಕೂತ ಒಂದು ಹಳೆಯ ಬ್ಲೌಸನ್ನು ಇವಳ ಬಳಿಯೇ ಬಿಟ್ಟಿರುತ್ತಾರೆ. ಹಲಸೂರಿಗೋ ಕೃಷ್ಣರಾಜಪುರಕ್ಕೋ ಮನೆ ಬದಲಾಯಿಸಿದವರೂ ಬಟ್ಟೆ ಮಾತ್ರ ಕಳಿಸಿ, "ಟ್ರಂಕಲ್ಲಿ ನಂದಿದ್ಯಲ್ಲ, ನೋಡ್ಕೊಳ್ಳಿ" ಎಂದು ಫೋನ್ ಮಾಡುತ್ತಾರೆ. ಯಾರಾದರೂ ಅಳತೆ ಬ್ಲೌಸನ್ನು ವಾಪಸ್ ಕೇಳಿದರೆಂದರೆ ಇನ್ನು ಈ ಬಾಗಿಲಿಗೆ ಬರುವುದಿಲ್ಲ ಎಂದೇ ಅರ್ಥ. ಇಷ್ಟು ವರ್ಷದಲ್ಲಿ ಹಾಗೆ ಕೇಳಿದವರು ಇಬ್ಬರೇ. ಇಬ್ಬರದೂ ತಪ್ಪಿತ್ತು ಎಂದು ಫಹ್ಮಿದಾ ಈಗಲೂ ವಾದಕ್ಕೆ ನಿಲ್ಲುತ್ತಾಳೆ.

ಅವಳಿಗೆ ಸ್ಕೇಟಿಂಗ್ ಹುಚ್ಚು ಹತ್ತಿದ್ದು ಮಗಳಿಂದ. ಮಿಸ್ಬಾ ಚಿಕ್ಕವಳಿದ್ದಾಗ ಚಕ್ರದ ಬೂಟು ಕಟ್ಟಿಕೊಂಡು ಕುಣಿಯಲು ಕಲಿಯುತ್ತಿದ್ದಳು. ಅವಳಿಗೊಂದು ಹೊಳೆಯುವ ಫ್ರಾಕು ಬೇಕಾಯಿತು, ಅಮ್ಮ ಹೊಲಿದಳು. ಅದನ್ನು ನೋಡಿ ಉಳಿದ ತಾಯಂದಿರೂ ಬಟ್ಟೆ ಹಿಡಿದು ಬಂದರು. ಮಿಸ್ಬಾ ಮದುವೆಯಾಗಿ ಹೋದಳು, ಬೂಟು ಅಟ್ಟ ಸೇರಿತು, ತಾಯಿಯ ಹುಚ್ಚು ಮಾತ್ರ ಇಳಿಯಲಿಲ್ಲ. ಎಲ್ಲಿಯದೋ ದೇಶದಲ್ಲಿ ಐಸಿನ ಮೇಲೆ ಯಾರೋ ಹುಡುಗಿ ಜಾರಿ ಬಿದ್ದರೆ ಇಲ್ಲಿ ಇವಳು "ಯಾ ಅಲ್ಲಾ" ಎಂದು ಎದೆ ಹಿಡಿದುಕೊಳ್ಳುತ್ತಿದ್ದಳು. ಇಂಥ ಹುಚ್ಚರ ಒಂದು ವಾಟ್ಸ್ಯಾಪ್ ಗುಂಪೇ ಇದೆ. ಇಂದಿರಾನಗರದ ಆನಂದ್ ಎಂಬಾತ ಅದರ ಯಜಮಾನ. ಮಿಸ್ಬಾ ಅಮ್ಮನನ್ನೂ ಅದರಲ್ಲಿ ಸೇರಿಸಿದ್ದಳು, ಪುಲಿಕೇಶಿನಗರದ ಹಳೆಯ ಹೆಸರು ಹಚ್ಚಿ 'ಎಫ್. ಫ್ರೇಜರ್ ಟೌನ್' ಎಂದು. ಫಹ್ಮಿದಾ ಅಲ್ಲಿ ಉಡುಪಿನ ಬಗ್ಗೆ, ತೋಳಿನ ಜೋಡಣೆಯ ಬಗ್ಗೆ ಆಗಾಗ ಬರೆಯುತ್ತಿದ್ದಳು. ಒಂದು ನಾಯಿಯೂ ಮೂಸಿ ನೋಡುತ್ತಿರಲಿಲ್ಲ.

ಈ ವರ್ಷ ಯುರೋಪಿನ ದೊಡ್ಡ ಪಂದ್ಯವನ್ನು ಒಂದು ಆ್ಯಪಿನವರು ಕನ್ನಡ ಕಾಮೆಂಟರಿ ಸಮೇತ ಹಾಕಿದರು. ಗುರುವಾರ ಸಂಜೆ ಐದಕ್ಕೆ ಶುರುವಾದಾಗ ಕೇಳಿಸಿದ್ದು ಯಾರೂ ಕೇಳರಿಯದ ಒಂದು ಹೆಣ್ಣು ದನಿ. ಹೆಸರು ಹಾಕಲಿಲ್ಲ, ಮುಖ ತೋರಿಸಲಿಲ್ಲ. ರಾಯಚೂರು, ಕಲಬುರಗಿ ಕಡೆಯ ಮಾತು. ಅದೂ ಒಂದು ಕ್ಷಣ ನಿಲ್ಲದ ಮಾತು.

"ನೋಡ್ರಿ, ಈಗ ಎಡಗಾಲ ಮ್ಯಾಲ ನಿಂತಾಳ. ಬಲಗಾಲು ಹಿಂದಕ್ಕ ಎತ್ಯಾಳ. ಬಂದ್ಲು, ಬಂದ್ಲು, ಹಾರಿದ್ಲು! ಒಂದು, ಎರಡು, ಮೂರು ಸುತ್ತು, ಇಳದ್ಲು, ಒಂದೀಟೂ ಅಲುಗಲಿಲ್ಲ. ನೀಲಿ ಅಂಗಿರೀ, ಬೆನ್ನಿನ ಮ್ಯಾಲ ಹರಳು, ತೋಳು ಮೊಣಕೈ ತನಕ ಜಾಳು ಜಾಳು..."

ಫಹ್ಮಿದಾಳ ಮೆಷಿನ್ನು ಕಿಟಕಿಯ ಬೆಳಕಿಗೆ ಮುಖ ಮಾಡಿದೆ, ಟೀವಿ ಅವಳ ಬೆನ್ನ ಹಿಂದೆ. ಒಂದು ಕ್ಲಬ್ಬಿನ ವಾರ್ಷಿಕೋತ್ಸವಕ್ಕೆ ಹದಿನೈದು ಫ್ರಾಕು ಕೊಡಬೇಕಿತ್ತು. ಇಷ್ಟು ವರ್ಷ ಅವಳು ಹೊಲಿಗೆ ನಿಲ್ಲಿಸಿ ನಿಲ್ಲಿಸಿ ತಿರುಗಿ ನೋಡುತ್ತಿದ್ದಳು. ಆ ಸಂಜೆ ಒಮ್ಮೆಯೂ ತಿರುಗಲಿಲ್ಲ, ತಿರುಗುವ ಅಗತ್ಯವೇ ಬೀಳಲಿಲ್ಲ. ಆ ದನಿ ಹೇಳಿದ ನೀಲಿ ತೋಳನ್ನು ಪೇಪರಿನ ಅಂಚಿನಲ್ಲಿ ಗೀಚಿಕೊಂಡಿದ್ದಳು; ಪಂದ್ಯ ಮುಗಿದ ಮೇಲೆ ಫೋನಿನಲ್ಲಿ ಚಿತ್ರ ನೋಡಿದರೆ ತೋಳು ಆ ದನಿ ಹೇಳಿದ ಹಾಗೇ ಇತ್ತು. ಎರಡು ಸಂಜೆ ಹೀಗೇ ಕಳೆದವು. ಅವಳ ಮಟ್ಟಿಗೆ ಅದಕ್ಕಿಂತ ಸುಖದ ಸಂಜೆಗಳು ಈಚೆಗೆ ಬಂದಿರಲಿಲ್ಲ. ಇದನ್ನು ಮರೆಯಬೇಡಿ, ಮುಂದಿನದ್ದೆಲ್ಲ ಇದರ ಮೇಲೇ ನಿಂತಿದೆ.

ಗುಂಪಿನಲ್ಲಿ ಮಾತ್ರ ಬೆಂಕಿ ಬಿದ್ದಿತ್ತು. "ಗುರು, ಮ್ಯೂಟ್ ಮಾಡ್ಬಿಟ್ಟೆ." "ಮ್ಯೂಸಿಕ್ಕೇ ಕೇಳ್ಸಲ್ಲ ಮಗಾ, ಯಾರಿದು?" "ಯಾವ ಹಳ್ಳಿಯಿಂದ ಹಿಡ್ಕೊಂಡ್ ಬಂದ್ರು?" ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ಶುಕ್ರವಾರ ಸಂಜೆ ಫ್ರಾಕಿಗೆ ಜರಿ ಕೂರಿಸುತ್ತಿದ್ದ ಫಹ್ಮಿದಾ ಕತ್ತರಿ ಕೆಳಗಿಟ್ಟು ಫೋನು ಎತ್ತಿಕೊಂಡಳು. ಅವಳಿಗೂ ಒಂದು ಬಾರಿ ನಾಲ್ಕು ಜನರ ನಡುವೆ ನಗಬೇಕು ಅನ್ನಿಸಿತು. ಶಾಲೆಯಲ್ಲಿ ಅವಳ ದಖನಿ ಉರ್ದು ಬೆರೆತ ಕನ್ನಡಕ್ಕೆ ಇಡೀ ಕ್ಲಾಸು ನಕ್ಕಾಗ ಅವಳು ಮೂಲೆಯಲ್ಲಿ ಕೂತಿದ್ದವಳು. ಈಗ ನಗುವವರ ಸಾಲಿನಲ್ಲಿ ಜಾಗ ಖಾಲಿ ಇತ್ತು. ಬರೆದಳು: "ಇದು ಸ್ಕೇಟಿಂಗ್ ಕಾಮೆಂಟರಿನೋ, ರಸೆಲ್ ಮಾರ್ಕೆಟ್‌ನಲ್ಲಿ ಮೀನು ಹರಾಜೋ?"

ಫೋನು ಟಿಂಗ್ ಟಿಂಗ್ ಎಂದು ಕುಣಿಯತೊಡಗಿತು. ನೂರಾರು ನಗುಮುಖಗಳು. "ಸೂಪರ್ ಆಂಟಿ!" ಎಂದ ಆನಂದ್. ಅರ್ಧ ಗಂಟೆಯಲ್ಲಿ ಅವನು ಆ ಕಾಮೆಂಟರಿಯ ಕೆಳಗೆ ಮೀನಿನ ಚಿತ್ರಗಳನ್ನು ಜೋಡಿಸಿ ಒಂದು ವಿಡಿಯೋ ಮಾಡಿ ಊರ ತುಂಬ ಹರಿಬಿಟ್ಟ. ಮಿಸ್ಬಾಳ ಗಂಡನಿಗೂ ಎಲ್ಲಿಂದಲೋ ಅದು ಬಂತು. ಫಹ್ಮಿದಾ ಆ ದಿನ ಊಟ ಮಾಡುವಾಗಲೂ ಫೋನು ಪಕ್ಕದಲ್ಲಿಟ್ಟುಕೊಂಡು ಎಣಿಸಿದಳು, ಇನ್ನೆಷ್ಟು ಜನ ನಕ್ಕರು ಎಂದು.

ಶನಿವಾರ ಸಂಜೆ ದನಿ ಬದಲಾಗಿತ್ತು. 'ವೀಕ್ಷಕರ ಒತ್ತಾಯದ ಮೇರೆಗೆ' ಎಂದು ಆ್ಯಪಿನವರು ಹಾಕಿದ್ದರು. ಹೊಸಬ ನಯವಾದ ಗಂಡಸು, ಒಂದು ಆಟಕ್ಕೆ ಮೂರು ಮಾತು. ಉಳಿದ ಹೊತ್ತೆಲ್ಲ ಸಂಗೀತ, ಬ್ಲೇಡು ಕೆರೆಯುವ ಸದ್ದು. ಗುಂಪಿನವರು ಗೆದ್ದವರ ಹಾಗೆ ಕುಣಿದರು. ಫಹ್ಮಿದಾ ಮೆಷಿನ್ನು ನಿಲ್ಲಿಸಿ ತಿರುಗುವಷ್ಟರಲ್ಲಿ ಹಾರುವವಳು ಹಾರಿ ಇಳಿದಾಗಿರುತ್ತಿತ್ತು. ತನ್ನ ಮೀನಿನ ಸಾಲನ್ನು ತೆಗೆದು ಇನ್ನೊಮ್ಮೆ ಓದಿದಳು. ತಾನೊಬ್ಬಳೇ ಅಲ್ಲವಲ್ಲ ಬರೆದದ್ದು ಎಂದು ಸಮಾಧಾನ ಹೇಳಿಕೊಂಡಳು.

ಅದೇ ಶನಿವಾರ ಬಾಲಮ್ಮ ಬರಬೇಕಿತ್ತು, ಬರಲಿಲ್ಲ. ಬಾಲಮ್ಮ ರಾಯಚೂರು ಕಡೆಯವಳು, ಲಿಂಗರಾಜಪುರದಲ್ಲಿ ಬಾಡಿಗೆ ಕೋಣೆ ಮಾಡಿಕೊಂಡು ಜೋಳದ ರೊಟ್ಟಿ ಬಡಿದು ಮಾರುತ್ತಾಳೆ. ಒಂಬತ್ತು ವರ್ಷದ ಗಿರಾಕಿ. ಅವಳದೊಂದು, ಅವಳ ಮಗಳು ಲಕ್ಷ್ಮಿದೇವಿಯದೊಂದು ಅಳತೆ ಬ್ಲೌಸು ಟ್ರಂಕಿನಲ್ಲಿವೆ. ಮಗಳ ಮುಖವನ್ನು ಫಹ್ಮಿದಾ ನೋಡಿದ್ದಿಲ್ಲ, ದನಿ ಕೇಳಿದ್ದಿಲ್ಲ; ಭುಜ ಹದಿನಾಲ್ಕು ಇಂಚು, ಎಡಭುಜ ಸ್ವಲ್ಪ ಇಳಿಮುಖ ಎಂಬುದು ಮಾತ್ರ ಗೊತ್ತು. ಬುಧವಾರ ಬಾಲಮ್ಮ ಹಸಿರು ರೇಷ್ಮೆಯ ತುಂಡು ತಂದು ಕೊಟ್ಟಿದ್ದಳು. "ಐತವಾರ ಕಡೀ ದಿನ ನನ್ ಮಗಳ ಮುಖ ಟೀವಿಯಾಗ ತೋರಸ್ತಾರಂತ್ರಿ ಅಕ್ಕಾರ. ಏನೋ ಆಟದ ಬಗ್ಗಿ ಮಾತಾಡೋ ಕೆಲಸ ಸಿಕ್ಕದ" ಎಂದಿದ್ದಳು. ಫಹ್ಮಿದಾಳ ಬಾಯಿಯ ತುಂಬ ಗುಂಡುಪಿನ್ನುಗಳಿದ್ದವು. "ಹೂಂ" ಎಂದಿದ್ದಳು ಅಷ್ಟೇ.

ಮಂಗಳವಾರ ಬಾಲಮ್ಮ ರೊಟ್ಟಿಯ ಗಂಟು ಹಿಡಿದು ಬಂದಾಗ ಹಸಿರು ಬ್ಲೌಸು ಮೊಳೆಗೆ ನೇತಾಡುತ್ತಿತ್ತು. "ಮೂರು ದಿನದಿಂದ ಕಾಯ್ತಾ ಇದೆ ಬಾಲಮ್ಮ, ಮಗಳು ಟೀವೀಲಿ ಬರೋದು ಮುಗೀತಾ?" ಎಂದು ಫಹ್ಮಿದಾ ನಗುತ್ತ ಕೇಳಿದಳು.

"ಬರಲಿಲ್ರಿ, ತಗದು ಹಾಕಿದ್ರು" ಎಂದು ಬಾಲಮ್ಮ ಸ್ಟೂಲಿನ ಮೇಲೆ ಕೂತಳು. "ಐಸಿನ ಮ್ಯಾಲ ಜಾರೋ ಆಟ ಅಂತ್ರಿ. ಎರಡ ದಿನ ಚಲೋ ಮಾತಾಡಿದ್ಲು. ಯಾರೋ ಮೀನು ಹರಾಜು ಅಂತ ಬರದು ನಗ್ಯಾಡಿದ್ರಂತ. ಅದನ್ನ ವಿಡಿಯೋ ಮಾಡ್ಯಾರ. ಆಫೀಸಿನ ಮಂದಿನೂ ನೋಡಿ ನಕ್ಕರಂತ. ಐತವಾರದಿಂದ ಬಾಯೇ ಬಿಡವಲ್ಲಳು."

ಫಹ್ಮಿದಾ ಪೆಡಲಿನಿಂದ ಕಾಲು ತೆಗೆದಳು. ಮೆಷಿನ್ನಿನ ಗಾಲಿಯನ್ನು ಸುಮ್ಮನೆ ಹಿಡಿದುಕೊಂಡಳು.

"ಯಾಕ ಅಷ್ಟು ಮಾತಾಡಿದಿ ಅಂದ್ರ, ನಿನ್ನ ಸಲುವಾಗೇ ಅವ್ವಾ ಅಂದ್ಲು" ಎಂದು ಬಾಲಮ್ಮ ಮುಂದುವರಿಸಿದಳು. "ನಾ ರೊಟ್ಟಿ ಬಡಿಯೋವಾಗ ಟೀವಿ ಕಡಿ ನೋಡಾಕ ಆಗಂಗಿಲ್ಲಲ್ರೀ, ಕೈ ಸುಡ್ತದ. ಸಣ್ಣಾಕಿ ಇದ್ದಾಗಿಂದ ಆಕಿ ಮುಂದ ಕುಂತು, ಅವ್ವಾ ಈಗ ಹಿಂಗ ಆತು, ಹಂಗ ಆತು, ಇಂಥಾ ಸೀರಿ ಉಟ್ಟಾಳ ಅಂತ ಹೇಳಾಕಿ. ಕೆಲಸದಾಗ ಕೈ ಇರೋ ಹೆಣ್ಮಕ್ಕಳು ನನ್ನಂಗ ಎಷ್ಟೋ ಮಂದಿ ಇರ್ತಾರ, ಅವರೂ ನೋಡ್ಲಿ ಅಂತ ಮಾತಾಡಿದ್ಲಂತ್ರಿ." ಸೆರಗಿನಿಂದ ಮೂಗು ಒರೆಸಿಕೊಂಡು, ಆ ವಿಡಿಯೋ ತೆರೆದಿದ್ದ ತನ್ನ ಫೋನನ್ನು ಚಾಚಿದಳು. "ನೀವು ಓದು ಬರಹ ಬಲ್ಲವರು. ಆ ಬರಿಯೋ ಮಂದಿ ನಡುವ ಒಂದು ಒಳ್ಳೇ ಮಾತು ಬರೀರಿ. ಒಂದಾರ ಓದಿದ್ರ ಹುಡುಗಿ ಉಣ್ತಾಳ."

ಬರೆದುಬಿಡಬಹುದಿತ್ತು. ಎಫ್. ಎಂದರೆ ಯಾರು ಎಂದು ಲೋಕಕ್ಕೆ ಗೊತ್ತಿರಲಿಲ್ಲ. ಹತ್ತು ಒಳ್ಳೆಯ ಮಾತು ಬರೆದು, ಬ್ಲೌಸನ್ನು ಮಡಿಚಿ ಕೊಟ್ಟು, ರೊಟ್ಟಿ ತಿಂದು ಹಾಯಾಗಿರಬಹುದಿತ್ತು. ಫಹ್ಮಿದಾ ಫೋನನ್ನು ಕೈಯಲ್ಲಿ ಹಿಡಿದಳು ಕೂಡ. ಆದರೆ ಹಸಿರು ಬ್ಲೌಸಿನ ಎಡಭುಜಕ್ಕೆ ತಾನೇ ಕೊಟ್ಟ ಇಳಿಜಾರು ಕಣ್ಣಿಗೆ ಬಿತ್ತು, ಮತ್ತೆ ಆಗಲಿಲ್ಲ.

"ಆ ಮೀನಿನ ಮಾತು ಬರ್ದಿದ್ದು ನಾನೇ ಬಾಲಮ್ಮ" ಎಂದಳು. "ನಿಮ್ ಮಗಳು ಅಂತ ಗೊತ್ತಿರ್ಲಿಲ್ಲ. ಗೊತ್ತಿಲ್ದೇ ಇದ್ರೂ ಬರೀಬಾರ್ದಾಗಿತ್ತು. ತಪ್ಪಾಯ್ತು."

ಬಾಲಮ್ಮ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ನೀವು ಕೇಳಿದ್ರೇನ್ರಿ, ಆಕಿ ಮಾತಾಡಿದ್ದು?"

"ಕೇಳ್ದೆ. ಎರಡೂ ದಿನ, ಇಲ್ಲೇ ಕೂತ್ಕೊಂಡು. ಟೀವಿ ಕಡೆ ತಿರುಗ್ಲೇ ಇಲ್ಲ, ಎಲ್ಲಾ ಅವಳೇ ತೋರಿಸಿದ್ಳು. ತುಂಬಾ ಚೆನ್ನಾಗಿತ್ತು."

"ಮತ್ತ ಅದನ್ನ ಯಾಕ ಬರೀಲಿಲ್ರಿ?"

ಬಾಲಮ್ಮ ಎದ್ದು ನಿಂತು ಫೋನು ಇಸಿದುಕೊಂಡಳು. "ನಮ್ಮ ಅಳತಿ ಜಂಪರ್ ಎರಡೂ ಕೊಟ್ಟುಬಿಡ್ರಿ ಅಕ್ಕಾರ" ಎಂದಳು.

ಫಹ್ಮಿದಾ ಟ್ರಂಕು ತೆಗೆದಳು. ಮಗಳದು ಮೇಲೆಯೇ ಇತ್ತು, ತಾಯಿಯದನ್ನು ತಳದಿಂದ ಹುಡುಕಿ ತೆಗೆಯಬೇಕಾಯಿತು. ಬಾಲಮ್ಮ ಎರಡನ್ನೂ ಮಡಿಚಿ ಚೀಲಕ್ಕಿಟ್ಟುಕೊಂಡಳು. ಹಸಿರು ಬ್ಲೌಸಿನತ್ತ ನೋಡಲಿಲ್ಲ. ರೊಟ್ಟಿಯ ಗಂಟನ್ನು ಮಾತ್ರ ಸ್ಟೂಲಿನ ಮೇಲೆಯೇ ಬಿಟ್ಟು ಹೋದಳು. ತಂದ ರೊಟ್ಟಿಯನ್ನು ವಾಪಸ್ ಒಯ್ಯುವ ಹೆಂಗಸಲ್ಲ ಅವಳು.

ಆ ಸಂಜೆ ಫಹ್ಮಿದಾ ಗುಂಪಿನಲ್ಲಿ ತನ್ನ ಪೂರ್ತಿ ಹೆಸರು, ಗಲ್ಲಿಯ ವಿಳಾಸ ಸಮೇತ ಉದ್ದಕ್ಕೆ ಬರೆದಳು. ನೀಲಿ ತೋಳಿನ ಮಾತು, ತಿರುಗದೇ ನೋಡಿದ ಎರಡು ಸಂಜೆಯ ಮಾತು, ಲಕ್ಷ್ಮಿದೇವಿಯ ಹೆಸರು, ತನ್ನ ತಪ್ಪು, ಎಲ್ಲವನ್ನೂ. ಕೊನೆಗೆ ಆನಂದ್ ಒಬ್ಬ, "ಬಿಡಿ ಆಂಟಿ, ಹಳೇ ಮ್ಯಾಟರ್" ಎಂದು ಬರೆದ. ಫಹ್ಮಿದಾ ತಾನು ಬರೆದದ್ದನ್ನು ಬಾಲಮ್ಮನ ಫೋನಿಗೂ ಕಳಿಸಿದಳು. ಬಾಲಮ್ಮನಿಗೆ ಓದಲು ಬರುವುದಿಲ್ಲ. ಮಗಳು ಓದಿದಳೋ ಇಲ್ಲವೋ, ಅತ್ತಲಿಂದ ಏನೂ ಬರಲಿಲ್ಲ.

ಹಸಿರು ಬ್ಲೌಸು ಇನ್ನೂ ಅದೇ ಮೊಳೆಯಲ್ಲಿದೆ. ಅಳತೆ ಬ್ಲೌಸು ವಾಪಸ್ ಕೇಳಿದವರು ಈಗ ಮೂವರಾದರು. ಮೂರನೆಯವರ ಸಂಗತಿ ಬಂದಾಗ ಫಹ್ಮಿದಾ ಯಾರ ಜೊತೆಯೂ ವಾದಕ್ಕೆ ನಿಲ್ಲುವುದಿಲ್ಲ.