ರೇಸಿನ ನಡುವೆ ತುಂಬಿದ ಉಡಿ

ತವರೂರಿನಲ್ಲಿ ಉಡಿ ತುಂಬಿಸಿಕೊಂಡು ಸಿಟ್ಟಿಗೆದ್ದವಳು ಈ ಚಿಕ್ಕೋಡಿ ಸೀಮೆಯಲ್ಲಿ ನಾನೊಬ್ಬಳೇ ಅಂತೆ. ಎಲ್ಲರೂ ಹಾಗೇ ಹೇಳುತ್ತಾರೆ. ಹೇಳಲಿ. ತವರಿಗೆ ಬಂದ ಮಗಳನ್ನು ಬರಿ ಉಡಿಯಲ್ಲಿ ಕಳಿಸಬಾರದು, ಮುತ್ತೈದೆಯರು ಸೇರಿ ಸೆರಗಿಗೆ ಅಕ್ಕಿ, ಕಾಯಿ, ಕುಪ್ಪಸದ ಕಣ ಹಾಕಬೇಕು, ಹಾಕಿದ್ದನ್ನು ಮಗಳು ಒಲ್ಲೆ ಅನ್ನಬಾರದು. ಇದೆಲ್ಲ ನನಗೂ ಗೊತ್ತು. ನಾನೂ ಎಷ್ಟೋ ಹೆಣ್ಣುಮಕ್ಕಳ ಉಡಿ ತುಂಬಿದವಳೇ. ಆದರೆ ಅವರ್ಯಾರೂ ಆ ಹೊತ್ತಿಗೆ ರೇಸಿನಲ್ಲಿ ಮೂರನೆಯವರಾಗಿ ಸೈಕಲ್ ತುಳಿಯುತ್ತಿರಲಿಲ್ಲ.

ನಾನು ಚಿಕ್ಕೋಡಿಯಲ್ಲಿ ಹೈಸ್ಕೂಲ್ ಟೀಚರು. ನಲವತ್ತು ದಾಟಿದ ಮೇಲೆ ಗೇರಿನ ಸೈಕಲ್ ಕೊಂಡೆ. ಮೊದಮೊದಲು ಬೆಳಗ್ಗೆ ಒಬ್ಬಳೇ ಅಂಕಲಿಯವರೆಗೆ ಹೋಗಿ, ಕೃಷ್ಣೆಯ ಸೇತುವೆ ಮೇಲೆ ಸ್ವಲ್ಪ ಹೊತ್ತು ನಿಂತು, ನೀರು ನೋಡಿ ತಿರುಗಿ ಬರುತ್ತಿದ್ದೆ. ಅಷ್ಟಕ್ಕೇ ಜನರಿಗೆ ನಿದ್ದೆ ಬರಲಿಲ್ಲ. ಬೈಕಿನ ಮೇಲೆ ಹೋಗುವವರು ಪಕ್ಕಕ್ಕೆ ಬಂದು, "ಅಕ್ಕಾರ, ಗಾಡಿ ಕೆಟ್ಟೈತೇನ್ರಿ?" ಅಂತ ಕೇಳುತ್ತಿದ್ದರು. ಇಲ್ರಿ, ಸುಮ್ಮನೆ ಹೊಂಟೀನಿ ಅಂದರೆ, "ಮನ್ಯಾಗ ಕೆಲಸ ಇಲ್ಲೇನ್ರಿ?" ಎಂಬ ಇನ್ನೊಂದು ಪ್ರಶ್ನೆ. ಗಂಡಸರು ಬೆಳಗಾದರೆ ಕಟ್ಟೆಯ ಮೇಲೆ ಕೂತು ಪೇಪರ್ ಹಿಡಿದು ಊರ ಉಸಾಬರಿ ಮಾಡುತ್ತಾರಲ್ಲ, ಅವರನ್ನು ಈ ಪ್ರಶ್ನೆ ಕೇಳಿದವರನ್ನು ನಾನಂತೂ ನೋಡಿಲ್ಲ.

ಆಮೇಲೆ ಊರ ಸೈಕಲ್ ಕ್ಲಬ್ಬಿಗೆ ಸೇರಿದೆ. ಅಲ್ಲಿ ಹತ್ತಿಪ್ಪತ್ತು ಗಂಡಸರು, ನಾನೊಬ್ಬಳು. ಸುಳ್ಳು ಯಾಕೆ ಹೇಳಲಿ, ಒಳ್ಳೆಯ ಜನ. ರವಿವಾರಕ್ಕೊಮ್ಮೆ ರಾಯಬಾಗಕ್ಕೋ ಐನಾಪುರಕ್ಕೋ ಹೋಗುತ್ತಿದ್ದೆವು, ಕಾಲಲ್ಲಿ ಕಸುವಿದ್ದ ದಿನ ಅಥಣಿಯವರೆಗೂ. ನನ್ನ ಟ್ಯೂಬು ಪಂಕ್ಚರ್ ಆದರೆ ಎಲ್ಲರೂ ನಿಲ್ಲುತ್ತಿದ್ದರು. ಐನಾಪುರದಲ್ಲಿ ಮಿರ್ಚಿ ಭಜಿ ಬಂದರೆ ಮೊದಲ ಪ್ಲೇಟು ನನ್ನ ಮುಂದೆ. ಆದರೆ ರೇಸ್ ಎಂಬ ಮಾತು ಬಂದರೆ ಸಾಕು, ಅದೇ ಜನ ನನ್ನ ಕಡೆ ನೋಡುವ ರೀತಿಯೇ ಬದಲಾಗುತ್ತಿತ್ತು.

ಕ್ಲಬ್ಬಿನ ವರ್ಷದ ರೇಸು ಚಿಕ್ಕೋಡಿಯಿಂದ ಕಾಗವಾಡಕ್ಕೆ. ಅದರಲ್ಲಿ ಮೊದಲ ಐದು ಜನ ಕ್ಲಬ್ಬಿನ ತಂಡವಾಗಿ ನಿಪ್ಪಾಣಿಯ ದೊಡ್ಡ ರೇಸಿಗೆ ಹೋಗುತ್ತಾರೆ. ಹೆಂಗಸರಿಗೆ ಬೇರೆ ಏರ್ಪಾಡಿತ್ತು. ಮಹಿಳಾ ದಿನಾಚರಣೆಗೆ ಗುಲಾಬಿ ಟೋಪಿ ಹಾಕಿಕೊಂಡು ಬಸ್ ಸ್ಟ್ಯಾಂಡಿನವರೆಗೆ ಹೋಗಿ ಬರುವುದು, ಒಂದು ಫೋಟೋ, ಆಮೇಲೆ ಉಪ್ಪಿಟ್ಟು. ನಾನು ಅಧ್ಯಕ್ಷರ ಎದುರು ನಿಂತು ಕಾಗವಾಡದ ರೇಸಿಗೆ ಬರುತ್ತೇನೆ ಅಂದೆ. ಅಧ್ಯಕ್ಷರೆಂದರೆ ನದಿ ದಂಡೆಯಲ್ಲಿ ಕಬ್ಬಿನ ತೋಟ ಇರುವ ದೊಡ್ಡ ಮನುಷ್ಯರು, ನನಗಿಂತ ಹಿರಿಯರು.

"ನಿಮಗ್ಯಾಕ್ರಿ ಅಕ್ಕಾರ ಈ ತ್ರಾಸ?" ಅಂದರು.

"ನಿಮಗ್ಯಾಕ್ರಿ ಅಣ್ಣಾರ ಆ ತ್ರಾಸ? ನಿಮಗೂ ಮಣಕಾಲ ನೋವು ಐತೆಲ್ಲ?"

ಸುತ್ತ ಇದ್ದವರು ನಕ್ಕರು. ಅವರೂ ನಕ್ಕರು. "ಬರ್ರಿ ಬರ್ರಿ. ಐದರಾಗ ಬಂದ್ರ ನಿಪ್ಪಾಣಿಗೆ ನೀವ ಹೋಗ್ರಿ, ನಾ ಬ್ಯಾಡ ಅನ್ನಂಗಿಲ್ಲ" ಅಂದರು. ಹಾಗೆ ಬರುವುದುಂಟೇ ಎಂಬ ಧೈರ್ಯದ ಮೇಲೆ ಆಡಿದ ಮಾತು ಅದು. ನಾನು ಮಾತ್ರ ಆ ಮಾತನ್ನು ಗಂಟು ಹಾಕಿಟ್ಟುಕೊಂಡೆ. ನನಗೆ ಕಪ್ ಬೇಡ, ಹಾರ ಬೇಡ. ಕ್ಲಬ್ಬಿನ ಅಂಗಿ ತೊಟ್ಟು ನಿಪ್ಪಾಣಿಯಲ್ಲಿ ನಿಲ್ಲುವ ಐವರಲ್ಲಿ ನಾನೊಬ್ಬಳಾಗಬೇಕಿತ್ತು, ಅಷ್ಟೇ.

ಆ ಚಳಿಗಾಲವೆಲ್ಲ ಶಾಲೆಗೆ ಮುಂಚೆ ತುಳಿದೆ. ಕಬ್ಬಿನ ಹಂಗಾಮು ಬೇರೆ. ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು ರಸ್ತೆ ತುಂಬ ಬರುತ್ತಿದ್ದವು, ಬಿದ್ದ ಕಬ್ಬು ಜಜ್ಜಿ ರಸ್ತೆಯೆಲ್ಲ ಅಂಟಂಟು. ಧೂಳು ಕುಡಿದು ಮನೆಗೆ ಬಂದರೆ ಗಂಡ ನೀರಿನ ತಂಬಿಗೆ ಕೊಟ್ಟು, "ಇವತ್ತ ಎಷ್ಟಾತು?" ಅಂತ ಕೇಳುತ್ತಿದ್ದ. ಅವನೊಬ್ಬ "ಯಾಕೆ" ಅಂತ ಕೇಳಲಿಲ್ಲ, ಪುಣ್ಯಾತ್ಮ.

ರೇಸಿನ ದಿನ ಅಂಕಲಿಯವರೆಗೆ ಎಲ್ಲರ ಗುಂಪಿನಲ್ಲೇ ಇದ್ದೆ. ಮುಂದಿನವರ ಗಾಲಿಗೆ ಅಂಟಿಕೊಂಡಂತೆ ಹೋದರೆ ಎದುರುಗಾಳಿ ತಟ್ಟುವುದಿಲ್ಲ. ಇದನ್ನು ನನಗೆ ಕಲಿಸಿದವರು ಅಧ್ಯಕ್ಷರೇ. ಸೇತುವೆಯ ಮೇಲೆ ಗಾಳಿ ಅಡ್ಡ ಹೊಡೆಯಿತು, ಗುಂಪು ಚದುರಿತು. ನಾನು ತಲೆ ತಗ್ಗಿಸಿ ಒಂದೇ ಸಮನೆ ತುಳಿದೆ. ಹೊಳೆ ದಾಟಿ ಎರಡು ಊರು ಕಳೆದ ಮೇಲೆ ತಲೆಯೆತ್ತಿ ನೋಡಿದರೆ ಮುಂದೆ ಇಬ್ಬರೇ ಇದ್ದರು! ಹಿಂದೆ ದೂರದಲ್ಲಿ ಉಳಿದವರು, ಅವರ ನಡುವೆ ಅಧ್ಯಕ್ಷರ ಹಳದಿ ಹೆಲ್ಮೆಟ್ಟು. ಎದೆ ಹೊಡೆದುಕೊಳ್ಳುತ್ತಿತ್ತು, ಕಾಲು ಉರಿಯುತ್ತಿತ್ತು, ಆದರೂ ನಗು ತಡೆಯಲಾಗಲಿಲ್ಲ. ಇನ್ನು ನನ್ನ ತವರೂರು ದಾಟಿದರೆ ಕಾಗವಾಡ ಎಷ್ಟು ದೂರ ಅಂದುಕೊಂಡೆ.

ತವರೂರಿನ ಅಗಸಿ ಬಾಗಿಲ ಮುಂದೆ ರಸ್ತೆಗೆ ಅಡ್ಡವಾಗಿ ಹೆಂಗಸರು ನಿಂತಿದ್ದರು. ನಡುವೆ ಆರತಿ ತಟ್ಟೆ ಹಿಡಿದ ನಮ್ಮವ್ವ, ಪಕ್ಕದಲ್ಲಿ ಮೊರ ಹಿಡಿದ ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ. ನನ್ನ ಮುಂದಿದ್ದ ಇಬ್ಬರಿಗೆ ದಾರಿ ಬಿಟ್ಟರು. ನಾನು ಬರುತ್ತಲೇ ಕೂಡಿ ನಿಂತರು. ಬ್ರೇಕ್ ಹಿಡಿಯದಿದ್ದರೆ ಆರತಿ ತಟ್ಟೆಗೇ ಗುದ್ದುತ್ತಿದ್ದೆ.

"ಯವ್ವಾ, ಬಿಡ ಬೇ! ರೇಸ್ ಐತಿ!"

"ಒಂದ ನಿಮಿಷ ತಾಯಿ. ಊರ ಮುಂದ ಬಂದ ಮಗಳು ಬರಿ ಉಡೀಲೆ ಹೋಗಬಾರದು."

"ತಿರುಗಿ ಬರ್ತೀನಿ, ಆಮ್ಯಾಲ ತುಂಬ್ರಿ!"

"ಉಡಿ ಒಲ್ಲೆ ಅನಬಾರದವಾ" ಅಂದಳು ವೈನಿ. ಸೈಕಲ್ ಅಂಗಿಗೆ ಸೆರಗು ಎಲ್ಲಿಂದ ಬರಬೇಕು? ಅವಳು ಹೊಸ ಸೀರೆಯೊಂದನ್ನು ಬಿಚ್ಚಿ ನನ್ನ ಹೆಗಲ ಮೇಲೆ ಹೊದಿಸಿ, ತುದಿಯನ್ನು ನನ್ನ ಎರಡೂ ಕೈಗೆ ಹಿಡಿಸಿದಳು. ಒಬ್ಬೊಬ್ಬರಾಗಿ ಬೊಗಸೆಯಲ್ಲಿ ಅಕ್ಕಿ ಹಾಕತೊಡಗಿದರು. ಹೆಲ್ಮೆಟ್ಟು ಅಡ್ಡ ಬಂತು, ಕುಂಕುಮ ಮೂಗಿಗೆ ಬಿತ್ತು. ಅಷ್ಟರಲ್ಲಿ ಹಿಂದಿನಿಂದ ಗಂಟೆಯ ಸದ್ದು. ಹೆಂಗಸೊಬ್ಬಳು ಗಾಬರಿಯಿಂದ ಕೂಗಿದಳು: "ಸರೀರಿ, ಸರೀರಿ, ರೇಸಿನ ಮಂದಿ ಬಂತು, ದಾರಿ ಬಿಡ್ರಿ!"

ಎಲ್ಲರೂ ಸರಿದರು. ನನ್ನನ್ನೂ ರಟ್ಟೆ ಹಿಡಿದು ಪಕ್ಕಕ್ಕೆ ಎಳೆದರು, ರೇಸಿನವರಿಗೆ ಅಡ್ಡಿಯಾಗಬಾರದು ಅಂತ! ಕೈತುಂಬ ಅಕ್ಕಿ ಹಿಡಿದು ನಾನು ರಸ್ತೆಯ ಬದಿಗೆ ನಿಂತಿದ್ದೆ. ನಮ್ಮ ಕ್ಲಬ್ಬಿನ ಡಾಕ್ಟರು ಹೋದರು, ಗುತ್ತಿಗೆದಾರರು ಹೋದರು, ಒಬ್ಬರ ಹಿಂದೊಬ್ಬರು ಹೋದರು. ಅಧ್ಯಕ್ಷರು ಹೋಗುತ್ತ ಒಂದು ಕೈ ಎತ್ತಿ ನಮಸ್ಕಾರ ಬೇರೆ ಮಾಡಿದರು. ಮೈಯೆಲ್ಲ ಉರಿದುಹೋಯಿತು.

ಒಂಬತ್ತನೆಯವಳಾಗಿ ಕಾಗವಾಡ ಮುಟ್ಟಿದೆ, ಬೆನ್ನ ಜೇಬಿನಲ್ಲಿ ಉಡಿಯ ತೆಂಗಿನಕಾಯಿ ಇಟ್ಟುಕೊಂಡು. ದ್ರಾಕ್ಷಿ ಒಣಗಿಸುವ ಶೆಡ್ಡಿನ ಎದುರು ಪೆಂಡಾಲು ಹಾಕಿದ್ದರು. ಅಧ್ಯಕ್ಷರು ಐದನೆಯವರಾಗಿ ಬಂದು ಆಗಲೇ ಚಾ ಕುಡಿಯುತ್ತಿದ್ದರು. ಮೈಕ್ ಹಿಡಿದು, "ನಾವು ಮೆಡಲ್ ತಗೊಂಡಿವಿ, ನಮ್ಮ ಅಕ್ಕಾರು ತವರ ಉಡಿ ತಗೊಂಡು ಬಂದಾರ, ಅದಕ್ಕಿಂತ ದೊಡ್ಡ ಬಹುಮಾನ ಯಾವುದೈತ್ರಿ?" ಅಂದರು. ಚಪ್ಪಾಳೆಯೋ ಚಪ್ಪಾಳೆ. ಅಷ್ಟು ದೊಡ್ಡ ಬಹುಮಾನವಾದರೆ ಆ ಕಾಯಿ ನೀವೇ ಇಟ್ಟುಕೊಳ್ಳಿ, ನಿಪ್ಪಾಣಿ ನನಗೆ ಕೊಡಿ ಅಂತ ಎಲ್ಲರೆದುರೇ ಹೇಳಿದೆ. ಅದಕ್ಕೂ ನಕ್ಕರು. ನಾನು ತಮಾಷೆ ಮಾಡಿರಲಿಲ್ಲ.

ಮುಂದಿನ ರವಿವಾರ ಜಗಳ ತೆಗೆಯಬೇಕೆಂದೇ ತವರಿಗೆ ಹೋದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಹೊಸ್ತಿಲು ದಾಟುವ ಮೊದಲೇ ಕೇಳಿದೆ: "ಗಂಡಸರನ್ನ ಯಾಕ ತಡೀಲಿಲ್ಲ ಬೇ? ನನ್ನ ಒಬ್ಬಾಕೀನ ಯಾಕ ತಡದ್ರಿ?"

ಅವ್ವ ಬೆಪ್ಪಾಗಿ ನನ್ನನ್ನು ನೋಡಿದಳು. "ಅವರು ರೇಸಿನ್ಯಾಗ ಇದ್ರಲ್ಲವಾ."

"ಮತ್ತ ನಾನು?"

"ನಿಮ್ಮ ಅಧ್ಯಕ್ಷರು ಫೋನ್ ಮಾಡಿದ್ರು. ಗಂಡಸರ ರೇಸ್ ಐತಿ, ಕುಡಿಯಾಕ ನೀರ ಇಡ್ರಿ, ಜೋಡಿ ನಿಮ್ಮ ಮಗಳೂ ಹೌಸಿಗೆ ಬರಾಕತ್ತಾಳ, ಸತ್ಕಾರ ಮಾಡ್ರಿ ಅಂದ್ರು. ಮತ್ತ ಮಾಡಿದಿವಿ. ತಪ್ಪೇನಾತು?"

ಹೌಸಿಗೆ! ಅಂದರೆ ಬರೀ ಖುಷಿಗೆ! ಮೋಸ ಮಾಡಬೇಕೆಂದು ಆ ಮನುಷ್ಯ ಹಾಗೆ ಹೇಳಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಮೋಸ ಮಾಡುವವನು ಎದುರಾಳಿಯೆಂದು ಲೆಕ್ಕಕ್ಕಾದರೂ ಹಿಡಿದಿರುತ್ತಾನೆ. ಇವರು ನನಗೆ ಮರ್ಯಾದೆ ಮಾಡಿಸಿದೆ ಅಂತ ಮನಸಾರೆ ನಂಬಿದ್ದರು. ಇಡೀ ಚಳಿಗಾಲ ಅವರ ಕಣ್ಣೆದುರೇ ತುಳಿದಿದ್ದೆ, ಸೇತುವೆಯ ಮೇಲೆ ಅವರನ್ನೇ ಹಿಂದೆ ಹಾಕಿದ್ದೆ. ಆದರೂ ನಾನು ಹೌಸಿಗೆ ಬಂದವಳು.

"ಯವ್ವಾ, ನಾ ಮೂರನೇದಾಕಿ ಇದ್ದೆ" ಅಂದೆ. "ಐದರಾಗ ಬಂದ್ರ ನಿಪ್ಪಾಣಿಗೆ ಹೋಗ್ತಿದ್ದೆ."

ಹಂಚಿನ ಮೇಲಿನ ರೊಟ್ಟಿ ಕರಕಾಗುತ್ತಿತ್ತು. ಅವ್ವ ನೋಡಲಿಲ್ಲ. ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು, "ಅವರಿಗೆ ಫೋನ್ ಹಚ್ಚು" ಅಂದಳು. ಬೇಡ ಅಂದರೂ ಕೇಳಲಿಲ್ಲ. ಅಧ್ಯಕ್ಷರು ಫೋನ್ ಎತ್ತಿ ಬಹಳ ಪ್ರೀತಿಯಿಂದ ಅವ್ವನ ಆರೋಗ್ಯ ವಿಚಾರಿಸಿದರು.

"ನಾ ಆರಾಮ ಅದೀನ್ರಿ ಸಾಹೇಬ್ರ" ಅಂದಳು ಅವ್ವ. "ಒಂದ ಮಾತ ಕೇಳ್ತೀನಿ. ನಮ್ಮ ಮಗಳನ್ನ ನಮ್ಮ ಕೈಲೇ ತಡಿಸಿದ್ರಲ್ರಿ. ನಿಮ್ಮ ಮನಿ ಮಗ ಮೂರನೇದಾಂವ ಬರಾಕತ್ತಿದ್ರ, ಅಡ್ಡ ನಿಂತು ಆರತಿ ಮಾಡ್ರಿ ಅಂತಿದ್ರೇನ್ರಿ?"

ಅಧ್ಯಕ್ಷರು ಆ ಕಡೆಯಿಂದ ಕಬ್ಬಿನ ರೇಟಿನ ಮಾತು ತೆಗೆದರು. ಅವ್ವ ಫೋನ್ ನನ್ನ ಕೈಗಿಟ್ಟು, ಕರಕಾದ ರೊಟ್ಟಿ ತೆಗೆದು ಎಮ್ಮೆಗೆ ಹಾಕಿ ಬಂದಳು. ನಿಪ್ಪಾಣಿಗೆ ಆ ಸಲ ಐವರು ಗಂಡಸರೇ ಹೋದರು. ಮಾತು ಸೋತ ಮಾತ್ರಕ್ಕೆ ಜಾಗ ಬಿಟ್ಟುಕೊಡುವಷ್ಟು ದೊಡ್ಡವರು ನಮ್ಮ ಕ್ಲಬ್ಬಿನಲ್ಲಿ ಯಾರೂ ಇರಲಿಲ್ಲ.

ಈ ವರ್ಷ ಮತ್ತೆ ಅದೇ ರಸ್ತೆ, ಅದೇ ರೇಸು. ಮುಗಿಯುವಾಗ ನಾನು ನಾಲ್ಕನೆಯವಳು, ನಿಪ್ಪಾಣಿಗೂ ಹೋಗಿ ಬಂದೆ. ನನಗೆ ನೆನಪಿನಲ್ಲಿ ಉಳಿದದ್ದು ಮಾತ್ರ ತವರೂರಿನ ಅಗಸಿ. ದೂರದಿಂದಲೇ ಹೆಂಗಸರ ಗುಂಪು ಕಂಡು ನನ್ನ ಕೈ ತಾನಾಗಿ ಬ್ರೇಕಿನ ಮೇಲೆ ಹೋಯಿತು. ಅವರು ರಸ್ತೆಯ ಎರಡೂ ಬದಿಗೆ ಸಾಲಾಗಿ ನಿಂತಿದ್ದರು. ವೈನಿ ಒಂದು ಕಬ್ಬಿನ ಟ್ರ್ಯಾಕ್ಟರಿಗೆ ಅಡ್ಡ ನಿಂತು ಡ್ರೈವರನ ಜೊತೆ ವಾದಕ್ಕೆ ಬಿದ್ದಿದ್ದಳು, ನನ್ನ ದಾರಿ ಖಾಲಿ ಇರಲಿ ಅಂತ. ಅವ್ವನ ಕೈಯಲ್ಲಿ ತಟ್ಟೆ ಇರಲಿಲ್ಲ.

ನಮ್ಮ ಕಡೆ ಹೊರಟವರಿಗೆ ಯಾರೂ ಹೋಗು ಅನ್ನುವುದಿಲ್ಲ. ಹೋಗಿ ಬಾ ಅನ್ನಬೇಕು. ಮದುವೆಯಾಗಿ ನಾನು ಗಂಡನ ಮನೆಯ ಗಾಡಿ ಹತ್ತಿದ ದಿನವೂ ಅವ್ವ ಅಳುತ್ತ ಹೋಗಿ ಬಾ ಅಂದಿದ್ದಳೇ ಹೊರತು ಹೋಗು ಅಂದಿರಲಿಲ್ಲ. ಬ್ರೇಕಿನ ಮೇಲಿನ ನನ್ನ ಕೈ ಅವಳಿಗೆ ಕಂಡಿರಬೇಕು. ಎರಡೂ ಕೈ ಮುಂದಕ್ಕೆ ಬೀಸುತ್ತ, ಊರಿಗೆಲ್ಲ ಕೇಳುವಂತೆ ಕೂಗಿದಳು:

"ನಿಂದ್ರಬ್ಯಾಡ! ಹೋಗ! ನಿಂದ್ರಬ್ಯಾಡ, ಹೋಗ!"

ನಾನು ಬ್ರೇಕಿನಿಂದ ಕೈ ತೆಗೆದೆ.