ರುದೈನಾಳ ಹನ್ನೊಂದು ಸೆಮಿಸ್ಟರು

ಇರ್ಬಿದ್ ನಗರದ ಯೂನಿವರ್ಸಿಟಿ ರಸ್ತೆಯ ಜೆರಾಕ್ಸ್ ಅಂಗಡಿಗೆ ರುದೈನಾ ಸೇರಿಕೊಂಡದ್ದು ಒಂದೇ ತಿಂಗಳ ಮಟ್ಟಿಗೆ. ಆಗ ಅವಳಿಗೆ ಹತ್ತೊಂಬತ್ತು. ಶಾಲೆಯ ಕೊನೆಯ ಪರೀಕ್ಷೆಯಾದ ತೌಜೀಹಿಯನ್ನು ವಿಜ್ಞಾನ ವಿಭಾಗದಲ್ಲಿ ಒಳ್ಳೆಯ ಅಂಕದಿಂದ ಪಾಸು ಮಾಡಿ, ಕಂಪ್ಯೂಟರ್ ಸೈನ್ಸ್ ಓದಲು ಅರ್ಜಿಯನ್ನೂ ತುಂಬಿಟ್ಟಿದ್ದಳು. ಅದೇ ಬೇಸಿಗೆಯಲ್ಲಿ ತಂದೆ ತೀರಿಕೊಂಡರು. ಅವಳ ಕೆಳಗೆ ಇಬ್ಬರು ತಮ್ಮಂದಿರಿದ್ದರು. ತಿಂಗಳು ವರ್ಷವಾಯಿತು, ವರ್ಷ ಹದಿನೇಳಾಯಿತು. ತಮ್ಮಂದಿರು ಓದಿ, ಮದುವೆಯಾಗಿ, ಬೇರೆ ಬೇರೆ ಮನೆ ಮಾಡಿಕೊಂಡರು. ರುದೈನಾ ಮಾತ್ರ ಮಷೀನಿನ ಪಕ್ಕದಲ್ಲೇ ನಿಂತಿದ್ದಳು.

ಆದರೆ ಸುಮ್ಮನೆ ನಿಂತಿರಲಿಲ್ಲ. ಹಾಳೆ ಹೊರಬೀಳುತ್ತಿದ್ದಂತೆ ಅದನ್ನು ಓದುವ ಚಾಳಿ ಅವಳಿಗೆ. ಯಾವ ಪಾಠದ ನೋಟ್ಸ್ ಮುಗಿದ ಮೇಲೆ ಯಾವುದು, ಡೇಟಾ ಸ್ಟ್ರಕ್ಚರ್ ದಾಟದೆ ಯಾರಿಗೆ ಅಲ್ಗಾರಿದಮ್ ಸಿಗುವುದಿಲ್ಲ, ಯಾವ ಪ್ರೊಫೆಸರು ವಸಂತದಲ್ಲಷ್ಟೇ ಪಾಠ ಮಾಡುತ್ತಾರೆ, ಎಲ್ಲ ಬಾಯಿಪಾಠವಾಗಿತ್ತು. ಅಂಗಡಿಗೆ ಬರುವ ವಿದ್ಯಾರ್ಥಿಗಳೆಲ್ಲ ಅವಳನ್ನು ಖಾಲ್ತೊ ಎಂದು, ತಾಯಿಯ ತಂಗಿಯನ್ನು ಕರೆಯುವ ಹಾಗೆ ಕರೆಯುತ್ತಿದ್ದರು.

ಒಂದು ದಿನ ಬೆಳಿಗ್ಗೆ ಅಜ್ಲೂನ್ ಕಡೆಯ ಸುಂದುಸ್ ಎಂಬ ಹುಡುಗಿ ಅಂಗಡಿಗೆ ಬಂದವಳು ನೋಟ್ಸ್ ಕೊಡುವ ಬದಲು ಅಳತೊಡಗಿದಳು.

"ಏನಾಯ್ತೇ?"

"ನನ್ನ ಒಂದು ವರ್ಷ ಹೋಯ್ತು, ಖಾಲ್ತೊ. ಡಿಸ್ಕ್ರೀಟ್ ಗಣಿತ ಕಷ್ಟ ಅಂತ ಮುಂದಕ್ಕೆ ಹಾಕಿದ್ದೆ. ಈಗ ಅದು ಆಗದೆ ಮುಂದಿನ ವಿಷಯ ಯಾವುದೂ ಕೊಡಲ್ಲ ಅಂತಿದ್ದಾರೆ."

"ಅಳು ಆಮೇಲೆ. ಆ ಕೆಟ್ಟ ಹಾಳೆ ಇತ್ತ ಕೊಡು."

ಮಷೀನಿನಲ್ಲಿ ಮಸಿ ಬಳಿದುಕೊಂಡು ಕೆಟ್ಟಿದ್ದ ಹಾಳೆಯನ್ನು ತಿರುವಿ, ಹಿಂಬದಿಯಲ್ಲಿ ಗೆರೆ ಎಳೆದು, ಸೆಮಿಸ್ಟರಿಗೊಂದು ಚೌಕ ಮಾಡಿ ರುದೈನಾ ವಿಷಯಗಳನ್ನು ತುಂಬುತ್ತ ಹೋದಳು. ಗಣಿತವನ್ನು ಬೇಸಿಗೆ ತರಗತಿಗೆ ತಳ್ಳಿದಳು. ಯಾವುದಕ್ಕೂ ಕಾಯಬೇಕಿಲ್ಲದ ಅರಬ್ಬಿ ಭಾಷೆ, ಇತಿಹಾಸಗಳನ್ನು ಈಗಲೇ ಮುಗಿಸಲು ಬರೆದಳು. ಅರ್ಧ ಗಂಟೆಯಲ್ಲಿ, ಹುಡುಗಿಯ ಕೈತಪ್ಪಿದ್ದ ವರ್ಷ ಕಾಗದದ ಮೇಲೆ ವಾಪಸು ಬಂದಿತ್ತು.

ಎರಡು ದಿನದ ಮೇಲೆ, ಆ ಹಾಳೆಯನ್ನೇ ಹಿಡಿದು ಕಂಪ್ಯೂಟರ್ ಸೈನ್ಸ್ ವಿಭಾಗದ ಸಲಹೆಗಾರ್ತಿ ಡಾಕ್ಟರ್ ಹನಾದಿ ಅಂಗಡಿಯ ಮುಂದೆ ನಿಂತಿದ್ದರು.

"ಇದನ್ನ ಬರೆದೋರು ನೀವೇನಾ?"

ರುದೈನಾ ಮಷೀನು ನಿಲ್ಲಿಸಿದಳು. "ತಪ್ಪಾಗಿದ್ರೆ ಕ್ಷಮಿಸಿ, ಡಾಕ್ಟರ್. ಹುಡುಗಿ ಅಳ್ತಿದ್ಲು, ಅದಕ್ಕೆ..."

"ತಪ್ಪು ಒಂದಿದೆ. ಈ ವರ್ಷದಿಂದ ಡೇಟಾಬೇಸ್‌ನ ಶರತ್ಕಾಲಕ್ಕೆ ಬದಲಾಯ್ಸಿದ್ದೀವಿ, ಅದು ನಿಮಗೆ ಗೊತ್ತಾಗೋ ಹಾಗಿರಲಿಲ್ಲ. ಉಳಿದದ್ದೆಲ್ಲ ಸರಿ. ನೀವು ಯಾವ ವರ್ಷದ ಬ್ಯಾಚು?"

"ನಾನು ಓದ್ಲೇ ಇಲ್ಲ," ಎಂದಳು ರುದೈನಾ. ಹದಿನೇಳು ವರ್ಷದಲ್ಲಿ ಆ ಮಾತನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಹೇಳಿದ ಮೇಲೆ ಅದು ತಡೆಯಲಾರದಷ್ಟು ಭಾರವೆನಿಸಿತು.

ಡಾಕ್ಟರ್ ಹನಾದಿ ಹಳೆಯ ಅಂಕಪಟ್ಟಿಯವರಿಗೂ ಅರ್ಜಿ ಹಾಕಲು ದಾರಿಯಿದೆ, ಯಾವ ಕಚೇರಿಯಲ್ಲಿ ಯಾರನ್ನು ಕೇಳಬೇಕು ಎಂದು ತಿಳಿಸಿ ಹೊರಟುಹೋದರು.

ಆ ಮಧ್ಯಾಹ್ನ ರುದೈನಾ ಇನ್ನೊಂದು ಹಾಳೆ ತೆಗೆದುಕೊಂಡಳು. ಇದರ ಮೇಲೆ ತನ್ನದೇ ಹೆಸರು ಬರೆದಳು. ಒಟ್ಟು ನೂರ ಮೂವತ್ತೆರಡು ಕ್ರೆಡಿಟ್. ಅಂಗಡಿ ಬಿಡುವಂತಿಲ್ಲ, ಹಾಗಾಗಿ ಒಂದು ಸೆಮಿಸ್ಟರಿಗೆ ಹನ್ನೆರಡೇ. ಎಣಿಸಿದಳು. ಹನ್ನೊಂದು ಸೆಮಿಸ್ಟರು, ಐದೂವರೆ ವರ್ಷ. ಮುಗಿಯುವಾಗ ನಲವತ್ತೆರಡಾಗಿರುತ್ತದೆ. ಓದದಿದ್ದರೂ ನಲವತ್ತೆರಡು ಹೇಗೂ ಆಗುತ್ತದಲ್ಲ ಎಂದುಕೊಂಡು ಹಾಳೆಯನ್ನು ಮಡಚಿ ಚೀಲಕ್ಕೆ ಹಾಕಿದಳು.

ಅಂಗಡಿಯ ಯಜಮಾನ ಅಬೂ ಗಸ್ಸಾನ್ ಸುದ್ದಿ ಕೇಳಿ ಚಹಾದ ಲೋಟ ಕೆಳಗಿಟ್ಟ.

"ಓದು, ಬೇಡ ಅನ್ನಲ್ಲ. ಆದ್ರೆ ಪರೀಕ್ಷೆ ವಾರ ನನ್ನ ಅಂಗಡೀಲಿ ಕಾಲಿಡೋಕೆ ಜಾಗ ಇರಲ್ಲ. ಅದೇ ವಾರ ನಿಂಗೂ ಪರೀಕ್ಷೆ! ಆಗ ಮಷೀನು ಯಾರು ನಡೆಸ್ತಾರೆ?"

"ನೀವೇ, ಅಬೂ ಗಸ್ಸಾನ್."

"ನಾನಾ? ನಂಗೆ ಆನ್ ಮಾಡೋಕೂ ಬರಲ್ಲ!"

"ಇಪ್ಪತ್ತು ವರ್ಷದಿಂದ ಜೆರಾಕ್ಸ್ ಅಂಗಡಿ ಇಟ್ಟಿದ್ದೀರಿ. ಇದನ್ನ ಹೊರಗೆ ಹೇಳ್ಬೇಡಿ, ಮರ್ಯಾದೆ ಹೋಗುತ್ತೆ."

ಅವನು ನಕ್ಕುಬಿಟ್ಟ. ಅಂದಿನಿಂದ ದಿನಕ್ಕೊಂದರಂತೆ ಮಷೀನಿನ ಗುಂಡಿಗಳನ್ನು ಕಲಿಯತೊಡಗಿದ. ಹಾಳೆಯ ಎರಡೂ ಬದಿ ಕಾಪಿ ತೆಗೆಯುವುದನ್ನು ಕಲಿತ ದಿನ ಪಕ್ಕದ ಫಲಾಫಿಲ್ ವಡೆ ಅಂಗಡಿಯವನನ್ನು ಕರೆದು ತೋರಿಸಿದ.

ಮನೆಯಲ್ಲಿ ತಾಯಿ ಮಾತ್ರ ಮೊದಲು ಒಪ್ಪಲಿಲ್ಲ. "ಈ ವಯಸ್ಸಲ್ಲಿ ಆ ಮಕ್ಕಳ ಪಕ್ಕ ಹೋಗಿ ಕೂತ್ಕೋತೀಯಾ? ನೋಡ್ದವರು ಏನಂತಾರೆ?"

"ಹದಿನೇಳು ವರ್ಷ ಅವರೆದುರಿಗೆ ನಿಂತಿದ್ದೀನಮ್ಮ. ಇನ್ನಾದ್ರೂ ಕೂತ್ಕೋಬಾರ್ದಾ?"

ತಾಯಿ ಮುಖ ತಿರುಗಿಸಿ ಅಡುಗೆಮನೆಗೆ ಹೋದಳು. ಆದರೆ ಸೀಟು ಸಿಕ್ಕಿ ತರಗತಿ ಶುರುವಾದ ದಿನ, ಜಾತರ್ ಎಂಬ ಮಸಾಲೆ ಪುಡಿ ಹಚ್ಚಿದ ಎರಡು ರೊಟ್ಟಿಗಳನ್ನು ಕಾಗದದಲ್ಲಿ ಸುತ್ತಿ, ಶಾಲೆಗೆ ಹೋಗುವ ಮಗುವಿಗೆ ಕೊಡುವಂತೆ ಕೈಗಿಟ್ಟಳು.

ಮೊದಲ ದಿನ ರುದೈನಾ ಒಳಗೆ ಕಾಲಿಟ್ಟಾಗ ಮೇಡಂ ಬಂದರೆಂದು ತಿಳಿದು ಹುಡುಗರೆಲ್ಲ ತೆಪ್ಪಗಾದರು. ಅವಳು ಹಿಂದಿನ ಬೆಂಚಿನತ್ತ ನಡೆದಾಗ ಯಾರೋ "ಅಯ್ಯೋ, ಇದು ನಮ್ಮ ಖಾಲ್ತೊ!" ಎಂದು ಕೂಗಿದರು. ಇಡೀ ಕೋಣೆ ನಕ್ಕಿತು. ಅವಳೂ ನಕ್ಕು, ಪೆನ್ನು ತೆಗೆದುಕೊಂಡು ಕುಳಿತಳು.

ಓದು ಅಂದುಕೊಂಡಷ್ಟು ಸಲೀಸಾಗಿರಲಿಲ್ಲ. ಯಾವುದರ ನಂತರ ಯಾವುದೆಂದು ತಿಳಿದಿದ್ದರೂ, ಒಳಗೇನಿದೆ ಎಂಬುದು ಬೇರೆಯೇ ಮಾತು. ಪ್ರೋಗ್ರಾಮಿಂಗ್ ಅವಳಿಗೆ ಬೇಗ ಒಲಿಯಿತು. ಹಾಳೆಗಳನ್ನು ಜೋಡಿಸುವಂತೆಯೇ ಇದೂ ಒಂದಾದ ಮೇಲೊಂದು ಕೆಲಸ ಎನಿಸಿತು. ಕ್ಯಾಲ್ಕುಲಸ್ ಮಾತ್ರ ಎಷ್ಟು ಗುದ್ದಾಡಿದರೂ ಬಗ್ಗಲಿಲ್ಲ.

ಫಲಿತಾಂಶ ಬಂದಾಗ ಮೂರರಲ್ಲಿ ಪಾಸು, ಕ್ಯಾಲ್ಕುಲಸ್‌ನಲ್ಲಿ ಫೇಲು. ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತು ಬಹಳ ಹೊತ್ತು ಫೋನಿನ ಪರದೆಯನ್ನೇ ನೋಡಿದಳು. ಆಮೇಲೆ ಚೀಲದಿಂದ ಹಾಳೆ ತೆಗೆದು, ಹನ್ನೊಂದನೆಯ ಚೌಕದ ಪಕ್ಕ ಹನ್ನೆರಡನೆಯದನ್ನು ಎಳೆದಳು. ಕ್ಯಾಲ್ಕುಲಸ್ ಅನ್ನು ಬೇಸಿಗೆ ತರಗತಿಗೆ ಬರೆದು, ಅದಕ್ಕಾಗಿ ಕಾಯಬೇಕಾದ ವಿಷಯಗಳನ್ನು ಒಂದೊಂದು ಚೌಕ ಮುಂದಕ್ಕೆ ತಳ್ಳಿದಳು. ಬೇಸಿಗೆಯಲ್ಲಿ ಹೇಳಿಕೊಡಲು, ಈಗ ಮೂರನೆಯ ವರ್ಷದಲ್ಲಿದ್ದ ಸುಂದುಸ್ ತಾನೇ ಮುಂದೆ ಬಂದಳು.

ಬೇಸಿಗೆಯ ತರಗತಿ ಶುರುವಾಗಿ ಒಂದು ವಾರವಾಗಿತ್ತು. ಆವತ್ತು ಬೆಳಿಗ್ಗೆ ಹತ್ತಕ್ಕೆ ಅಂಗಡಿಗೆ ಬಂದ ಹುಡುಗನೊಬ್ಬ ಇಣುಕಿ ನೋಡಿ ಕೇಳಿದ, "ಖಾಲ್ತೊ ಇಲ್ವಾ?"

ಬೆರಳಿಗೆಲ್ಲ ಮಸಿ ಮಾಡಿಕೊಂಡಿದ್ದ ಅಬೂ ಗಸ್ಸಾನ್ ಎದೆಯುಬ್ಬಿಸಿ ಹೇಳಿದ, "ಅವಳು ಕ್ಲಾಸಿಗೆ ಹೋಗಿದ್ದಾಳೆ. ನಿಂಗೆಷ್ಟು ಕಾಪಿ ಬೇಕು, ಹೇಳು."