ಕಾಶ್ಯಪ ಗೋತ್ರದ ಹಾಡುಗಾರರು

ನಮ್ಮ ಮನೆಯಲ್ಲಿ ಎಳ್ಳುನೀರು ಪಡೆಯುವ ಸತ್ತವರು ಬೇರೆ ಮನೆಗಳಿಗಿಂತ ಜಾಸ್ತಿ. ನನ್ನ ಅಣ್ಣ ಮುಳಬಾಗಿಲಿನಲ್ಲಿ ಪುರೋಹಿತ. ಮಹಾಲಯ ಅಮಾವಾಸ್ಯೆಯ ದಿನ ತರ್ಪಣಕ್ಕೆ ಕೂತರೆ ಅಪ್ಪ, ತಾತ, ಮುತ್ತಾತ, ಅಮ್ಮನ ಕಡೆಯವರು ಎಲ್ಲರದ್ದೂ ಮುಗಿಸುತ್ತಿದ್ದ. ಆಮೇಲೆ ಗುರುಗಳು, ಸ್ನೇಹಿತರು ಅನ್ನುವ ಜಾಗ ಬಂದಾಗ ಅಮೆರಿಕ, ಇಂಗ್ಲೆಂಡಿನ ರಾಕ್ ಮತ್ತು ಸೋಲ್ ಸಂಗೀತದ ಹಾಡುಗಾರರನ್ನು ಒಬ್ಬೊಬ್ಬರಾಗಿ ಹೆಸರು ಹಿಡಿದು ಕರೆಯುತ್ತಿದ್ದ. ಗೋತ್ರ ಗೊತ್ತಿಲ್ಲದವರಿಗೆ ಕಾಶ್ಯಪ ಗೋತ್ರ ಹೇಳಬೇಕು ಅನ್ನುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಆ ಬಾಗಿಲಿನಿಂದ ಅಣ್ಣ ಅಷ್ಟು ಜನರನ್ನೂ ಒಳಗೆ ಬಿಟ್ಟುಕೊಂಡ. ಊರಿನವರು ನಗುತ್ತಾರೆ ಅಂತ ತಂಗಿ ನಾನು ಅಂದರೆ, ‘ನಗ್ಲಿ ಬಿಡೇ, ಅವರಿಗೇನು ಗೊತ್ತು ನನ್ನ ಗುರುಗಳು ಯಾರು ಅಂತ’ ಅನ್ನುತ್ತಿದ್ದ.

ಈ ಹುಚ್ಚು ನಮ್ಮ ಮನೆಗೆ ಬಂದದ್ದು ಒಂದು ಸತ್ಯನಾರಾಯಣ ಪೂಜೆಯ ದಿನ. ಆಗ ಅಪ್ಪ ಚಿನ್ನದ ಗಣಿಯ ಊರಿನಲ್ಲಿ ಲೆಕ್ಕದ ಗುಮಾಸ್ತರೊಬ್ಬರ ಮನೆಗೆ ಪೂಜೆಗೆ ಹೋಗುತ್ತಿದ್ದರು, ಸಹಾಯಕ್ಕೆ ಅಣ್ಣ. ಕಥೆಯ ಮಧ್ಯೆ ಗೋಡೆಯಾಚೆಯಿಂದ ಒಬ್ಬ ಹೆಂಗಸು ಹಾಡುವುದು ಕೇಳಿಸಿತಂತೆ. ಪಕ್ಕದ ಕ್ವಾರ್ಟರ್ಸಿನ ಆಂಗ್ಲೋ ಇಂಡಿಯನ್ ಅಜ್ಜಿ ಗ್ರಾಮಫೋನ್ ಹಾಕಿದ್ದರು. ಅಣ್ಣ ಮಂತ್ರ ನಿಲ್ಲಿಸಿ ಬಾಯಿ ಬಿಟ್ಟುಕೊಂಡು ಕೂತ. ಅಪ್ಪ ಕಣ್ಣಲ್ಲೇ ಸುಟ್ಟರು. ಪೂಜೆ ಮುಗಿದ ಮೇಲೆ ಇವನು ಪ್ರಸಾದದ ದೊನ್ನೆ ಹಿಡಿದುಕೊಂಡು ಆ ಅಜ್ಜಿಯ ಕಾಂಪೌಂಡಿನ ಹತ್ತಿರ ನಿಂತ. ಅಜ್ಜಿ ಪ್ರಸಾದ ತಿಂದರು, ಇವನಿಗೆ ಇನ್ನೊಂದು ಹಾಡು ಕೇಳಿಸಿದರು. ಗಣಿಯ ಕೆಲಸ ಕುಗ್ಗುತ್ತಿದ್ದ ಕಾಲ ಅದು. ಮಕ್ಕಳಿದ್ದ ದೇಶಕ್ಕೆ ಹೊರಟಾಗ ಅವರು ಆ ಗ್ರಾಮಫೋನ್ ಪೆಟ್ಟಿಗೆಯನ್ನೂ ಹಾಡಿನ ಪ್ಲೇಟುಗಳನ್ನೂ ಅಣ್ಣನಿಗೆ ಕೊಟ್ಟು ಹೋದರು. ಅವನು ಅವನ್ನು ಪಂಚೆಯಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದ.

ಅಮ್ಮ ಹೊಸ್ತಿಲಲ್ಲೇ ತಡೆದರು. ‘ಯಾರ್ಯಾರು ಮುಟ್ಟಿದ್ದಾರೋ, ಏನು ತಿಂದ ಕೈಯೋ. ಹಂಗೇ ಒಳಗೆ ತರಬೇಡ ಕಣೋ.’ ಮಡಿ ಅಂದರೆ ಮಡಿ. ಪ್ಲೇಟುಗಳನ್ನು ಜಗಲಿಯ ಮೇಲೆ ಸಾಲಾಗಿ ಇಡಿಸಿ, ದರ್ಭೆಯಿಂದ ಒಂದೊಂದಕ್ಕೂ ಪಂಚಗವ್ಯ ಪ್ರೋಕ್ಷಣೆ ಮಾಡಿದರು. ಹಾಲು, ಮೊಸರು, ತುಪ್ಪ, ಗೋಮೂತ್ರ, ಸಗಣಿ. ಲಕೋಟೆಯೊಳಗಿದ್ದವು ಬಚಾವಾದವು. ಲಕೋಟೆ ಹರಿದು ಬರಿಮೈಯಲ್ಲಿದ್ದ ಒಂದು ಪ್ಲೇಟಿನ ಮೇಲೆ ಹನಿಗಳು ಬಿದ್ದು ಒಣಗಿದವು. ಅದು ಗೋಡೆಯಾಚೆಯಿಂದ ಕೇಳಿಸಿದ ಆ ಹೆಂಗಸಿನದೇ. ಅವತ್ತಿನಿಂದ ಮೂರನೆಯ ಹಾಡಿನಲ್ಲಿ ಅವಳು ಉಸಿರು ಹಿಡಿದು ಮೇಲಕ್ಕೇರುವ ಕಡೆ ಟಿಕ್, ಟಿಕ್ ಅಂತ ಸದ್ದು ಬರುತ್ತಿತ್ತು. ಎಷ್ಟು ಒರೆಸಿದರೂ ಹೋಗಲಿಲ್ಲ. ನನಗೆ ಸಿಟ್ಟು ಬಂದಿತ್ತು. ಅಣ್ಣ ಮಾತ್ರ, ‘ಬಿಡೇ, ಅಮ್ಮ ತಾಳ ಹಾಕ್ತಿದ್ದಾಳೆ’ ಅಂದ.

ಆ ಹಾಡುಗಾರರ ಹೆಸರುಗಳು ಅಮ್ಮನ ನಾಲಿಗೆಗೆ ಒಗ್ಗಲಿಲ್ಲ. ಮನೆಯಲ್ಲಿ ಅರ್ಧ ತೆಲುಗು ಆಡುವವರು ನಾವು. ಆ ಹೆಂಗಸಿಗೆ ಅಮ್ಮ ಇಟ್ಟ ಹೆಸರು ಗೊಂತಮ್ಮ, ಗೊಂತು ಅಂದರೆ ಗಂಟಲು. ಒಡಕು ದನಿಯ ರಾಕ್ ಹಾಡುಗಾರನೊಬ್ಬ ಕೆಮ್ಮಪ್ಪ ಆದ. ಗಿಟಾರನ್ನು ಗೋಳಾಡಿಸುತ್ತಿದ್ದ ಇನ್ನೊಬ್ಬನಿಗೆ ಏಡುಪು ಅಂತ ಹೆಸರು, ಅಳು ಅಂತ ಅರ್ಥ. ಅಪ್ಪ ಯಾವ ಹೆಸರನ್ನೂ ಇಡಲಿಲ್ಲ. ಪೆಟ್ಟಿಗೆ ನಡುಮನೆಗೆ ಬರಕೂಡದು, ಹಿತ್ತಲಿನ ಕೊಟ್ಟಿಗೆಯಲ್ಲಿರಲಿ ಅಂದರು, ಅಷ್ಟೆ. ಹಸು ಹಾಲು ಕೊಡುವುದು ಕಡಿಮೆಯಾದಾಗಲೆಲ್ಲ ಗೊಂತಮ್ಮನನ್ನು ಬೈಯುತ್ತಿದ್ದರು.

ಕೊಟ್ಟಿಗೆಯಲ್ಲಿ ನಾನು ಮತ್ತು ಅಣ್ಣ ಹುಲ್ಲಿನ ಹೊರೆಗೆ ಒರಗಿ ಕೂರುತ್ತಿದ್ದೆವು. ಒಂದು ಪ್ಲೇಟು ಹಾಕಿದರೆ ಪೂರ್ತಿ ಕೇಳಬೇಕು. ಮಧ್ಯೆ ಏಳಬಾರದು, ಮಾತಾಡಬಾರದು, ಹಾಡು ಹಾರಿಸಬಾರದು. ಅಣ್ಣನ ಪ್ರಕಾರ ದೊಡ್ಡ ಆಲ್ಬಮ್ ಅಂದರೆ ಪಾರಾಯಣ. ‘ಐದನೇ ಅಧ್ಯಾಯ ಓದಿ ಎರಡನೇದಕ್ಕೆ ಹೋಗ್ತಾರೇನೇ? ಅವನು ಹಿಂಗೇ ಕೇಳ್ಲಿ ಅಂತ ಜೋಡಿಸಿದ್ದಾನೆ, ಹಿಂಗೇ ಕೇಳ್ಬೇಕು.’ ನಾನು ಕಾಲೇಜಿನಲ್ಲಿ ಇಂಗ್ಲಿಷ್ ಓದುತ್ತಿದ್ದೆ, ಮುಂದೆ ಅದನ್ನೇ ಪಾಠ ಮಾಡಿ ಹೊಟ್ಟೆ ಹೊರೆದೆ. ಅರ್ಥ ಹೇಳಲು ಹೋದರೆ ಅವನು ಕೈ ಅಡ್ಡ ಹಿಡಿಯುತ್ತಿದ್ದ. ಮಂತ್ರಕ್ಕೆ ಯಾರು ಅರ್ಥ ಕೇಳುತ್ತಾರೆ ಅನ್ನುವುದು ಅವನ ವಾದ. ಪುರೋಹಿತನ ಬಾಯಲ್ಲಿ ಈ ಮಾತು ಬರಬಾರದಿತ್ತು, ಆದರೆ ಬಂತು.

ಅಪ್ಪ ಹೋದ ಮೇಲೆ ಪೌರೋಹಿತ್ಯ ಅವನ ಹೆಗಲಿಗೆ ಬಂತು, ತರ್ಪಣವೂ ಬಂತು. ಏಡುಪು ತೀರಿಕೊಂಡ ಸುದ್ದಿ ಆ ವರ್ಷವೇ ಪೇಪರಿನಲ್ಲಿ ಬಂದಿತ್ತು. ಸಾವಿನ ಸುದ್ದಿ ಕಿವಿಗೆ ಬಿದ್ದರೆ ತಲೆಗೆ ಸ್ನಾನ ಮಾಡುವುದು ನಮ್ಮಲ್ಲಿ ಪದ್ಧತಿ, ಅದು ನೆಂಟರಿಗೆ ಮಾತ್ರ. ಅಣ್ಣ ಏಡುಪುಗೂ ಮಾಡಿದ. ಆಗಲೇ ಶ್ರೀನಿವಾಸಪುರಕ್ಕೆ ಮದುವೆಯಾಗಿ ಹೋಗಿದ್ದ ನಾನು ಅಲ್ಲಿನ ಬಚ್ಚಲಿನಲ್ಲಿ ಮಾಡಿದೆ. ಯಾರು ಹೋದರು ಎಂದು ಅತ್ತೆ ಗಾಬರಿಯಾಗಿ ಕೇಳಿದರು. ದೂರದ ನೆಂಟರು ಅಂದೆ.

ಒಂದು ಸಲ ಎಡವಟ್ಟಾಯಿತು. ಮಹಾಲಯಕ್ಕೆ ಸ್ವಲ್ಪ ಮುಂಚೆ ಅಣ್ಣನ ವಾಟ್ಸಾಪಿಗೆ ಕೆಮ್ಮಪ್ಪ ಹೋದನೆಂದು ಯಾರೋ ಹಾರ ಹಾಕಿದ ಫೋಟೊ ಕಳಿಸಿದರು. ಅಣ್ಣ ಅತ್ತುಕೊಂಡೇ ಎಳ್ಳುನೀರು ಬಿಟ್ಟ. ದೀಪಾವಳಿಯ ಹೊತ್ತಿಗೆ ನೋಡಿದರೆ ಆಸಾಮಿ ಎಲ್ಲೋ ವೇದಿಕೆಯ ಮೇಲೆ ಮೈಕು ಹಿಡಿದು ಕೆಮ್ಮುತ್ತಿದ್ದಾನೆ! ನನಗೆ ನಗು ತಡೆಯಲಾಗಲಿಲ್ಲ. ಅಣ್ಣನ ಮುಖ ಮಾತ್ರ ಬಿಳಿಚಿಕೊಂಡಿತ್ತು. ‘ನಗಬೇಡ್ವೇ. ಬದುಕಿರೋನಿಗೆ ಎಳ್ಳುನೀರು ಬಿಟ್ಟಿದ್ದೀನಿ. ಅವನ ಆಯುಷ್ಯಕ್ಕೆ ನಾನು ಕೈ ಹಾಕಿದಂಗೆ.’ ಉಪವಾಸ ಕೂತು ಗಾಯತ್ರಿ ಜಪ ಮಾಡಿದ. ಆಮೇಲೆ ಒಂದು ಕಟ್ಟಳೆ ಮಾಡಿಕೊಂಡ. ನಾನು ಇಂಗ್ಲಿಷ್ ಪೇಪರು ನೋಡಿ ಖಚಿತ ಮಾಡುವವರೆಗೆ ಯಾರ ಹೆಸರನ್ನೂ ತರ್ಪಣಕ್ಕೆ ಸೇರಿಸುವುದಿಲ್ಲ. ವರ್ಷಾವರ್ಷ ಭಾದ್ರಪದ ಬಂದರೆ ಫೋನು ಬರುತ್ತಿತ್ತು. ‘ಲೇ, ಈ ವರ್ಷ ಯಾರ್ಯಾರು ಹೋದ್ರೇ?’ ನಾನು ಹೇಳುತ್ತಿದ್ದೆ. ಗೊಂತಮ್ಮ ಹೋದ ವರ್ಷ ಅವನು ಎರಡೆರಡು ಸಲ ಕೇಳಿ ಖಚಿತ ಮಾಡಿಕೊಂಡ.

ಕಾಯಿಲೆ ಶುರುವಾದದ್ದು ನನಗೇ ಮೊದಲು ಗೊತ್ತಾಯಿತು. ಅದೊಂದು ಭಾನುವಾರ ನಾನು ಹೋಗಿದ್ದೆ. ಅಣ್ಣ ಗೊಂತಮ್ಮನ ಪ್ಲೇಟು ತೆಗೆದು ಎರಡನೆಯ ಸೈಡನ್ನು ಮೊದಲು ಹಾಕಿದ. ನಾನು ತಮಾಷೆ ಅಂದುಕೊಂಡೆ. ಅವನು ಕಣ್ಣು ಮುಚ್ಚಿ ಕೇಳುತ್ತ ಕೂತೇ ಇದ್ದ. ಇನ್ನೊಬ್ಬರಾದರೆ ಏನೂ ಅಲ್ಲ. ಇವನು ಎರಡನೆಯ ಸೈಡಿನಿಂದ ಶುರುಮಾಡುವವನಲ್ಲ. ಅತ್ತಿಗೆಗೆ ಹೇಳಿದೆ. ‘ವಯಸ್ಸಾಯ್ತಲ್ಲೇ’ ಅಂದರು.

ಆಮೇಲೆ ಹೋಳೂರಿನ ಒಂದು ರೈತರ ಮನೆಯಲ್ಲಿ ನಾಮಕರಣ. ತಲೆಮಾರುಗಳಿಂದ ನಮ್ಮವರನ್ನೇ ಕರೆಯುವ ಮನೆ ಅದು. ತೊಟ್ಟಿಲ ಮುಂದೆ ಕೂತ ಅಣ್ಣ ಜನಿವಾರವನ್ನು ಎಡ ಹೆಗಲಿನಿಂದ ಬಲ ಹೆಗಲಿಗೆ ಬದಲಾಯಿಸಿ, ದಕ್ಷಿಣಕ್ಕೆ ಮುಖ ಮಾಡಿ, ಎಳ್ಳು ಕೇಳಿದನಂತೆ. ಹಾಗೆ ಮಾಡುವುದು ಸತ್ತವರಿಗೆ. ಮಗುವಿನ ಅಜ್ಜಿ ಕೂಸನ್ನು ಎತ್ತಿಕೊಂಡು ಒಳಗೆ ಓಡಿದರು. ಮನೆಯ ಯಜಮಾನರು ಒಳ್ಳೆಯವರು, ಬೈಯಲಿಲ್ಲ. ‘ಸ್ವಾಮಿಗಳಿಗೆ ಹುಷಾರಿಲ್ಲ’ ಅಂತ ಕೈಹಿಡಿದು ಎಬ್ಬಿಸಿ, ಸ್ಕೂಟರಿನಲ್ಲಿ ಕೂರಿಸಿಕೊಂಡು ಬಂದು ಮನೆಗೆ ಬಿಟ್ಟರು. ಮತ್ತೆ ಯಾರೂ ಯಾವುದಕ್ಕೂ ಕರೆಯಲಿಲ್ಲ. ತಪ್ಪು ಅವರದಲ್ಲ. ನನ್ನ ಮೊಮ್ಮಗುವಾಗಿದ್ದರೂ ನಾನೂ ಎತ್ತಿಕೊಂಡು ಓಡುತ್ತಿದ್ದೆ.

ಕೋಲಾರದ ಡಾಕ್ಟರು ಮರೆವಿನ ಕಾಯಿಲೆ ಅಂದರು. ಹೊಸದು ಮೊದಲು ಹೋಗುತ್ತದೆ, ಹಳೆಯದು ಕೊನೆಗೆ, ಹಳೆಯ ಹಾಡುಗಳನ್ನು ಕೇಳಿಸಿ ಅಂದರು. ನಾನು ಆ ಮಾತನ್ನೇ ಗಟ್ಟಿಯಾಗಿ ಹಿಡಿದುಕೊಂಡೆ. ನಾನೇನು ಹೊಸಬಳೇ? ಅವನು ಕೊಟ್ಟಿಗೆಯಲ್ಲಿ ಮೊದಲ ಪ್ಲೇಟು ಹಾಕಿದ ದಿನ ಪಕ್ಕದಲ್ಲಿ ಕೂತಿದ್ದವಳು ನಾನು. ಹೆಂಡತಿಗಿಂತ ಹಳಬಳು, ಮಗನಿಗಿಂತ ಹಳಬಳು. ಎಲ್ಲರೂ ಹೋದರೂ ನಾನು ಉಳಿಯುತ್ತೇನೆ ಅನ್ನುವ ಲೆಕ್ಕ ನನ್ನದು. ಹೇಳಿಕೊಳ್ಳಲು ನಾಚಿಕೆ, ಆದರೂ ಒಳಗೊಳಗೇ ಒಂದು ಹಮ್ಮು ಇತ್ತು.

ಪೆಟ್ಟಿಗೆಯ ಮುಳ್ಳು ಸವೆದು ಹೋಗಿದ್ದರಿಂದ ಫೋನಿನಲ್ಲಿ ಅದೇ ಆಲ್ಬಮ್ ಹುಡುಕಿ ಹಾಕಿದೆ. ಮೊದಲ ಹಾಡಿಗೆ ಅವನ ಬೆರಳುಗಳು ತೊಡೆಯ ಮೇಲೆ ಆಡಿದವು. ಮೂರನೆಯ ಹಾಡಿನಲ್ಲಿ ಗೊಂತಮ್ಮ ಉಸಿರು ಹಿಡಿದು ಮೇಲೇರಿದಳು. ಅಣ್ಣ ತಟ್ಟನೆ ಕಣ್ಣು ಬಿಟ್ಟ. ‘ಇದಲ್ಲ. ಇದರಲ್ಲಿ ಅಮ್ಮ ಇಲ್ಲ.’ ನಾನು ಫೋನು ಆರಿಸಿ ಅವನ ಕೈ ಹಿಡಿದುಕೊಂಡು ಅತ್ತೆ. ನೆನಪಿದೆಯಲ್ಲ, ಪಂಚಗವ್ಯದ ಹನಿಯೂ ನೆನಪಿದೆಯಲ್ಲ! ಅಣ್ಣ ಮೆತ್ತಗೆ ಕೈ ಬಿಡಿಸಿಕೊಂಡ. ‘ಅಳಬೇಡಿ. ನೀವು ಯಾರ ಮನೆಯವರು? ಕಾಫಿ ಆಯ್ತಾ ನಿಮ್ದು?’ ಅಂದ. ಹುಟ್ಟಿದಾಗಿನಿಂದ ಅವನು ನನ್ನನ್ನು ನೀವು ಅಂದದ್ದು ಅದೇ ಮೊದಲು.

ಮಗನನ್ನು, ಅಂದರೆ ನರಸಾಪುರದ ಕಾರ್ಖಾನೆಗೆ ಹೋಗುವ ನನ್ನ ಸೋದರಳಿಯನನ್ನು, ಅಣ್ಣ ಒಂದೊಂದು ದಿನ ಗುರುತು ಹಿಡಿಯುತ್ತಿದ್ದ. ಅತ್ತಿಗೆಯನ್ನು ಎಂದೂ ಮರೆಯಲಿಲ್ಲ. ನನ್ನನ್ನು ಮಾತ್ರ ಮೇಡಂ ಅನ್ನುತ್ತಿದ್ದ. ಡಾಕ್ಟರು ಕಳಿಸಿದವರು ಅಂದುಕೊಂಡಿದ್ದನೇನೋ. ನನಗೆ ಅವನ ಮೇಲೆ ಸಿಟ್ಟು ಬರುತ್ತಿತ್ತು, ಕಾಯಿಲೆಯವರ ಮೇಲೆ ಸಿಟ್ಟು ಮಾಡಿಕೊಳ್ಳಬಾರದು ಅಂತ ಗೊತ್ತಿದ್ದೂ ಬರುತ್ತಿತ್ತು. ಶ್ರೀನಿವಾಸಪುರದಿಂದ ಬಸ್ಸು ಹತ್ತುವಾಗ ಇವತ್ತು ಕರೆಯುತ್ತಾನೆ ಅಂದುಕೊಳ್ಳುತ್ತಿದ್ದೆ. ವಾಪಸ್ಸು ಬರುವಾಗ ಕಿಟಕಿಯ ಕಡೆ ಮುಖ ಮಾಡಿ ಕೂರುತ್ತಿದ್ದೆ.

ಈ ಸಲದ ಮಹಾಲಯಕ್ಕೆ ಅವನ ಫೋನು ಬರಲಿಲ್ಲ. ನಾನೇ ಬೆಳಿಗ್ಗೆ ಹೋದೆ. ಅಳಿಯ ಸ್ನಾನ ಮಾಡಿಸಿ, ಮಣೆ ಹಾಕಿ ಕೂರಿಸಿ, ಕಂಪನಿ ಬಸ್ಸಿಗೆ ಹೊರಟು ಹೋದ. ಅಣ್ಣನ ಕೈಯಿಂದ ತರ್ಪಣ ಆಗುತ್ತದೋ ಇಲ್ಲವೋ ಎಂದು ಅತ್ತಿಗೆಗೆ ಭಯ. ಎಳ್ಳಿನ ತಟ್ಟೆ, ನೀರಿನ ತಂಬಿಗೆ ಹಿಡಿದುಕೊಂಡು ನಾನು ಪಕ್ಕದಲ್ಲಿ ಕೂತೆ.

ದರ್ಭೆಯ ಪವಿತ್ರದ ಉಂಗುರ ಬೆರಳಿಗೆ ಹೋದದ್ದೇ ತಡ, ಅಣ್ಣ ನಮ್ಮ ಹಳೆಯ ಅಣ್ಣನಾದ. ದನಿ ಗಟ್ಟಿಯಾಯಿತು. ಜನಿವಾರ ಬಲ ಹೆಗಲಿಗೆ ಸರಿಯಾಗಿ ಹೋಯಿತು. ಅಪ್ಪ, ತಾತ, ಮುತ್ತಾತ, ಅಮ್ಮ, ಅಜ್ಜಿ, ಯಾರೊಬ್ಬರೂ ತಪ್ಪಲಿಲ್ಲ. ಹೆಬ್ಬೆರಳಿನ ಪಕ್ಕದಿಂದ ಕಪ್ಪು ಎಳ್ಳಿನ ನೀರು ಹರಿವಾಣಕ್ಕೆ ಇಳಿಯುತ್ತಿತ್ತು. ಅತ್ತಿಗೆ ಸೆರಗಿನಿಂದ ಕಣ್ಣೊರೆಸಿಕೊಂಡರು, ಸಂತೋಷದಿಂದಲೇ.

ಗುರುಗಳು, ಸ್ನೇಹಿತರ ಜಾಗ ಬಂತು. ಕಾಶ್ಯಪ ಗೋತ್ರ, ಏಡುಪುವಿನ ನಿಜವಾದ ಹೆಸರು. ಕಾಶ್ಯಪ ಗೋತ್ರ, ಗೊಂತಮ್ಮನ ನಿಜವಾದ ಹೆಸರು. ಕೊಟ್ಟಿಗೆಯಲ್ಲಿ ಕೇಳಿದವರೆಲ್ಲ ಒಬ್ಬೊಬ್ಬರಾಗಿ ಬಂದರು, ಸತ್ತ ವರ್ಷದ ಕ್ರಮದಲ್ಲೇ. ಕೆಮ್ಮಪ್ಪ ಬದುಕಿದ್ದಾನೆ, ಅವನನ್ನು ಕರೆಯಲಿಲ್ಲ. ಅಷ್ಟು ಎಚ್ಚರವಿತ್ತು. ಮುಗಿಯಿತು ಅಂದುಕೊಂಡು ನಾನು ತಂಬಿಗೆ ಕೆಳಗಿಟ್ಟೆ.

ಅಣ್ಣ ಮತ್ತೆ ಅಂಗೈ ಚಾಚಿದ. ಎಳ್ಳು ಹಾಕಿದೆ, ನೀರು ಬಿಟ್ಟೆ. ‘ಕಾಶ್ಯಪ ಗೋತ್ರ’ ಅಂದ. ಆಮೇಲೆ ನನ್ನ ಹೆಸರು ಹೇಳಿದ.

ಆ ಕಟ್ಟಳೆ ಮಾಡಿಕೊಂಡ ಮೇಲೆ ನನ್ನನ್ನು ಕೇಳದೆ ಅವನು ಸೇರಿಸಿದ ಹೆಸರು ಅದೊಂದೇ. ಹುಟ್ಟಿದ ಮನೆಯ ಗೋತ್ರವೂ ಅಲ್ಲ, ಕೊಟ್ಟ ಮನೆಯ ಗೋತ್ರವೂ ಅಲ್ಲ. ಅತ್ತಿಗೆ ‘ಅಯ್ಯೋ, ಏನ್ರೀ ಇದು, ಅವಳು ಇಲ್ಲೇ...’ ಅಂತ ಮುಂದೆ ಬಂದರು. ನಾನು ಅವರ ಸೀರೆ ಹಿಡಿದು ಎಳೆದೆ. ಬದುಕಿರುವವರಿಗೆ ಬಿಟ್ಟೆ ಅಂತ ಗೊತ್ತಾದರೆ ಇವನು ಮತ್ತೆ ಉಪವಾಸ ಕೂರುತ್ತಾನೆ, ಈ ದೇಹಕ್ಕೆ ಅದು ತಡೆಯುವುದಿಲ್ಲ. ಮಿಕ್ಕ ನೀರನ್ನೂ ನಾನೇ ಅವನ ಅಂಗೈಗೆ ಹಾಕಿದೆ.

ಅಣ್ಣ ಜನಿವಾರ ಸರಿಮಾಡಿಕೊಂಡು ನನ್ನ ಕಡೆ ತಿರುಗಿದ. ‘ಕೊನೇದು ನನ್ ತಂಗಿಗೆ, ಮೇಡಂ. ಹಾಡ್ತಿರ್ಲಿಲ್ಲ. ಪಕ್ಕದಲ್ಲಿ ಕೂತ್ಕೊಂಡು ಕೇಳ್ತಿದ್ಲು. ಮಧ್ಯದಲ್ಲಿ ಒಂದ್ಸಲನೂ ಎದ್ದು ಹೋದೋಳಲ್ಲ.’

‘ಹೌದಾ’ ಅಂದೆ.

‘ಹೂಂ. ಅವಳು ಹೋದ್ಮೇಲೆ ಯಾರು ಹೋದ್ರು ಅಂತ ಹೇಳೋಕೆ ನಂಗೆ ಯಾರೂ ಇಲ್ಲ.’

ಎದ್ದು ಬಚ್ಚಲಿಗೆ ಹೋದೆ. ಉಟ್ಟ ಸೀರೆಯಲ್ಲೇ ಕೂತು ತಲೆಯ ಮೇಲೆ ತಣ್ಣೀರು ಸುರಿದುಕೊಂಡೆ. ಅತ್ತಿಗೆ ಟವೆಲ್ ಹಿಡಿದು ಬಾಗಿಲಿನಲ್ಲಿ ನಿಂತಿದ್ದರು. ಇದು ಯಾರ ಸ್ನಾನ ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ, ನನ್ನ ಅಣ್ಣ ಹೋಗಿಬಿಟ್ಟ ಅಂತ. ಒಳಗೆ ಅವನು ಹರಿವಾಣದ ನೀರನ್ನು ಯಾವ ಗಿಡದ ಬುಡಕ್ಕೆ ಹಾಕಬೇಕು ಎಂದು ಮೇಡಂ ಅವರನ್ನು ಕರೆದು ಕೇಳುತ್ತಿದ್ದ.